ಬಾಡಿಗೆ ಕಟ್ಟಿದ ಮಾತ್ರಕ್ಕೆ ಋಣ ಹರಿಯುವುದಿಲ್ಲ: ನಮ್ಮೂರ ಕನ್ನಡ ಸಂಘದ ಸದಸ್ಯರಿಗೊಂದು ಬಹಿರಂಗ ಪತ್ರ

ಸಂಘದ ಅಧ್ಯಕ್ಷರಿಗೆ, ಕಾರ್ಯಕಾರಿ ಸಮಿತಿಯವರಿಗೆ ಮತ್ತು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಸೀಮೆಯಲ್ಲಿ ನೆಲೆಸಿರುವ ಎಲ್ಲ ಕನ್ನಡ ಬಂಧುಗಳಿಗೆ,

ಸಾದರ ನಮಸ್ಕಾರಗಳು.

ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿ ನಿಮಗೆಲ್ಲ ಬಂದಂತೆ ನನಗೂ ಬಂದಿದೆ. ಲೆಕ್ಕಪತ್ರದ ಅನುಮೋದನೆ, ಹೊಸ ಖಜಾಂಚಿಯ ಆಯ್ಕೆ ಇವುಗಳ ಕೆಳಗೆ, ಹೆಚ್ಚಿನ ವಿವರಣೆಯಿಲ್ಲದೆ ಒಂದೇ ಸಾಲಿನಲ್ಲಿ, ಯುಗಾದಿ, ಗಣೇಶ ಹಬ್ಬ, ರಾಜ್ಯೋತ್ಸವಗಳನ್ನೂ ಶನಿವಾರದ ಮಕ್ಕಳ ಕನ್ನಡ ತರಗತಿಯನ್ನೂ ಈಗಿರುವ ಕ್ವೇಕರ್ ಮೀಟಿಂಗ್ ಹೌಸಿನಿಂದ, ಅಂದರೆ ಫ್ರೆಂಡ್ಸ್ ಎಂದೂ ಕರೆಸಿಕೊಳ್ಳುವ ಒಂದು ಕ್ರೈಸ್ತ ಪಂಥದವರ ಪ್ರಾರ್ಥನಾ ಮನೆಯಿಂದ, ಊರಾಚೆಯ ಹೋಟೆಲೊಂದರ ಸಭಾಂಗಣಕ್ಕೆ ಸ್ಥಳಾಂತರಿಸುವ ಪ್ರಸ್ತಾವವಿದೆ. ಕಾರ್ಯಸೂಚಿಯಲ್ಲಿ ಕಾರಣ ಬರೆದಿಲ್ಲವಾದರೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾರಣಗಳು ಧಾರಾಳವಾಗಿ ಹರಿದಾಡಿವೆ. ಅಲ್ಲಿ ಮದ್ಯ ಇಡುವಂತಿಲ್ಲ, ದುಡ್ಡು ಹಾಕಿ ತಂಬೋಲ ಆಡುವಂತಿಲ್ಲ, ರ‍್ಯಾಫಲ್ ಟಿಕೆಟ್ ಮಾರುವಂತಿಲ್ಲ, ಒಂದು ದೀಪ ಹಚ್ಚುವುದಕ್ಕೂ ಅವರ ಸಭೆ ಕೂಡಿ ತೀರ್ಮಾನವಾಗಬೇಕು. ಇಷ್ಟು ಸಾಲದೆಂಬಂತೆ 2025ರ ಮಾರ್ಚಿನಲ್ಲಿ ಲಂಡನ್ನಿನಲ್ಲಿರುವ ಅವರ ಮೀಟಿಂಗ್ ಹೌಸೊಂದರ ಬಾಗಿಲು ಒಡೆದು ಪೊಲೀಸರು ಒಳನುಗ್ಗಿದ್ದಾರೆ, ವೀಸಾದ ಮೇಲೆ ಬದುಕುತ್ತಿರುವ ನಮಗೆ ಇಂಥವರ ಸಹವಾಸ ಏತಕ್ಕೆ ಎಂಬುದು ಆ ಮಾತುಗಳ ಸಾರ.

ಈ ಪ್ರಸ್ತಾವವನ್ನು ನಾನು ವಿರೋಧಿಸುತ್ತೇನೆ. ಸಭೆಯಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದಲೂ, ಬ್ರಿಟನ್ನಿನ ಬೇರೆ ಊರುಗಳಲ್ಲಿ ಇಂಥದೇ ಕಟ್ಟಡಗಳನ್ನು ಬಾಡಿಗೆಗೆ ಹಿಡಿದು ಹಬ್ಬ ಮಾಡುವ ನಮ್ಮ ಜನರಿಗೂ ಇದು ಸಂಬಂಧಿಸಿದ್ದರಿಂದಲೂ ಬಹಿರಂಗವಾಗಿ ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಅಳೆಯುವವರಿಗೆ ಒಂದು ಸಂಗತಿ ಮೊದಲೇ ಗೊತ್ತಿರಲಿ: ಕೆಲವು ವರ್ಷಗಳಿಂದ ನಾನು ಭಾನುವಾರ ಬೆಳಿಗ್ಗೆ ಅವರ ಮೌನ ಪ್ರಾರ್ಥನೆಗೂ ಹೋಗುತ್ತಿದ್ದೇನೆ. ಅವರ ಸದಸ್ಯನಾಗಿಲ್ಲ. ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚುವುದನ್ನು ಬಿಟ್ಟಿಲ್ಲ, ಬಿಡಬೇಕೆಂದು ಅಲ್ಲಿ ಯಾರೂ ಕೇಳಿದ್ದೂ ಇಲ್ಲ.

ಶನಿವಾರ ನಾವು ಬಿಸಿಬೇಳೆಬಾತಿನ ಪಾತ್ರೆ ತೊಳೆದು, ಕುರ್ಚಿಗಳನ್ನು ಗೋಡೆಗೆ ಒಂದರ ಮೇಲೊಂದು ಪೇರಿಸಿ ಬಂದ ಮೇಲೆ ಮರುದಿನ ಆ ಕೋಣೆಯಲ್ಲಿ ಏನು ನಡೆಯುತ್ತದೆಂದು ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಅವವೇ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕುತ್ತಾರೆ. ನಡುವೆ ಒಂದು ಸಣ್ಣ ಮೇಜು, ಅದರ ಮೇಲೆ ಯಾರದೋ ಹಿತ್ತಲಿನಿಂದ ಬಂದ ಹೂವು, ಒಂದು ಬೈಬಲ್, ಅವರ ಸಮುದಾಯದ ನಡಾವಳಿಯ ಪುಸ್ತಕ. ಪೂಜಾವೇದಿಕೆಯಿಲ್ಲ, ಶಿಲುಬೆಯಿಲ್ಲ, ಪಾದ್ರಿಯಿಲ್ಲ, ಹಾಡಿಲ್ಲ. ಹತ್ತೂವರೆಗೆ ಬಂದು ಕೂರುತ್ತಾರೆ, ಒಂದು ಗಂಟೆ ಕೂತಿರುತ್ತಾರೆ. ಮನಸ್ಸಿಗೆ ತಡೆಯಲಾರದಂತೆ ಏನಾದರೂ ಬಂದರೆ ಯಾರು ಬೇಕಾದರೂ, ಗಂಡಸು ಹೆಂಗಸೆಂಬ ಭೇದವಿಲ್ಲದೆ, ಎದ್ದು ನಿಂತು ನಾಲ್ಕು ಮಾತು ಹೇಳಿ ಕೂರಬಹುದು. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಚರ್ಚೆ ಎಬ್ಬಿಸುವುದಿಲ್ಲ. ಒಬ್ಬರೂ ಬಾಯಿ ತೆರೆಯದೆ ಮುಗಿಯುವ ಭಾನುವಾರಗಳೂ ಇವೆ. ಕೊನೆಗೆ ಹಿರಿಯರಿಬ್ಬರು ಕೈಕುಲುಕಿದರೆ ಪ್ರಾರ್ಥನೆ ಮುಗಿಯಿತೆಂದು ಅರ್ಥ; ಆಮೇಲೆ ಪ್ರಕಟಣೆಗಳು, ಚಹಾ, ಬಿಸ್ಕತ್ತು. ಪ್ರತಿಯೊಬ್ಬರಲ್ಲೂ ದೇವರ ಅಂಶವಿದೆ, ಅದನ್ನು ಕಾಣಲು ನಡುವೆ ಒಬ್ಬ ಪುರೋಹಿತ ಬೇಕಾಗಿಲ್ಲ ಎಂದು 17ನೇ ಶತಮಾನದಲ್ಲಿ ಸಾರಿದ, ನೇಕಾರನ ಮಗನಾಗಿ 1624ರಲ್ಲಿ ಲೆಸ್ಟರ್‌ಶೈರಿನಲ್ಲಿ ಹುಟ್ಟಿ ಚಮ್ಮಾರಿಕೆ ಕಲಿತಿದ್ದ ಜಾರ್ಜ್ ಫಾಕ್ಸ್‌ನಿಂದ ಬಂದ ಪದ್ಧತಿ ಇದು. ನಮ್ಮ ನಾಡಿನ ಶರಣರ ಪರಿಚಯವಿರುವವರಿಗೆ ಈ ಮಾತು ಹೊಸತಾಗಿ ಕೇಳಿಸದು. ಹಾಗೆಂದು ಅವರೂ ನಾವೂ ಒಂದೇ ಎಂದು ಹೇಳಿಕೊಂಡು ತಿರುಗುವ ಉತ್ಸಾಹವೇನೂ ನನಗಿಲ್ಲ.

ಮದ್ಯದ ಮತ್ತು ಜೂಜಿನ ವಿಷಯಕ್ಕೆ ಬರೋಣ, ಏಕೆಂದರೆ ಗುಂಪಿನಲ್ಲಿ ಹೆಚ್ಚು ಸದ್ದು ಮಾಡಿರುವುದು ಅದೇ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರೆಂದೂ ಪ್ರಮಾಣವಚನ ಸ್ವೀಕರಿಸದವರೆಂದೂ ವಿಶ್ವವಿದ್ಯಾಲಯಗಳಿಂದ, ಸರ್ಕಾರಿ ಹುದ್ದೆಗಳಿಂದ ದೂರವಿಡಲ್ಪಟ್ಟ ಈ ಜನ ಬಹುಕಾಲ ವ್ಯಾಪಾರವನ್ನೇ ನಂಬಿ ಬದುಕಿದರು. 1824ರಲ್ಲಿ ಬರ್ಮಿಂಗ್‌ಹ್ಯಾಮಿನ ಬುಲ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ ಜಾನ್ ಕ್ಯಾಡ್‌ಬರಿ ಚಹಾ, ಕಾಫಿ, ಕುಡಿಯುವ ಚಾಕೊಲೇಟುಗಳನ್ನು ಮಾರಿದ್ದಕ್ಕೆ ಲಾಭದ ಲೆಕ್ಕ ಒಂದು ಕಾರಣವಾದರೆ, ಕುಡಿತಕ್ಕೆ ಬಿದ್ದ ಸಂಸಾರಗಳಿಗೆ ಬೇರೊಂದು ಪಾನೀಯ ಇರಲಿ ಎಂಬ ಆಸೆ ಇನ್ನೊಂದು ಕಾರಣ. ಆತನ ಮಕ್ಕಳು 1879ರಲ್ಲಿ ಕಾರ್ಖಾನೆಯನ್ನು ಊರಾಚೆಗೆ ಒಯ್ದು, ಮುಂದೆ ಅದರ ಸುತ್ತ ಕಟ್ಟಿಸಿದ ಬೋರ್ನ್‌ವಿಲ್‌ನಲ್ಲಿ ಉದ್ಯಾನ, ಶಾಲೆ, ಆಟದ ಬಯಲು ಎಲ್ಲ ಬಂದವು, ಹೆಂಡದಂಗಡಿ ಮಾತ್ರ ಬರಲಿಲ್ಲ. ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಹಂಚುವ ಚಾಕೊಲೇಟಿನ ಹಿಂದೆ ಈ ಚರಿತ್ರೆಯಿದೆ. ಆ ಕಂಪನಿ ಈಗ ಕ್ವೇಕರರ ಕೈಯಲ್ಲಿಲ್ಲವೆಂಬುದು ಬೇರೆ ಮಾತು.

ಜೂಜಿನ ಬಗ್ಗೆ ಅವರ ತರ್ಕ ಇನ್ನೂ ಸರಳ: ಒಬ್ಬನ ಕೈಗೆ ಬರುವ ಹಣ ದುಡಿಮೆಯಿಂದಲ್ಲದೆ ಇನ್ನೊಬ್ಬನ ನಷ್ಟದಿಂದಲೇ ಬರುವುದಾದರೆ ಅದು ನ್ಯಾಯದ ಹಣವಲ್ಲ. ನಿಯಮ ಬಾಡಿಗೆದಾರರಿಗೆ ಮಾತ್ರವೆಂದು ಕೆಲವರು ಸಿಡಿಮಿಡಿಗೊಂಡಿದ್ದಾರೆ. ಅದು ಹಾಗಲ್ಲ. ಮಕ್ಕಳ ಕನ್ನಡ ತರಗತಿ ನಡೆಯುವ ಹಿಂದಿನ ಕೋಣೆಯ ಮೂಲೆಯಲ್ಲಿ ಮಳೆಗಾಲದುದ್ದಕ್ಕೂ ಒಂದು ನೀಲಿ ಬಕೆಟ್ ಇರುವುದನ್ನು ನೀವೆಲ್ಲ ನೋಡಿದ್ದೀರಿ. ಇಲ್ಲಿ ವರ್ಷವಿಡೀ ಮಳೆಗಾಲವೇ ಆದ್ದರಿಂದ ಬಕೆಟ್ಟಿಗೆ ಬಿಡುವಿಲ್ಲ. ಹಳೆಯ ಕಟ್ಟಡಗಳ ದುರಸ್ತಿಗೆ ಈ ದೇಶದಲ್ಲಿ ರಾಷ್ಟ್ರೀಯ ಲಾಟರಿಯ ಹಣದಿಂದ ಅನುದಾನ ಸಿಗುತ್ತದೆ. ಅರ್ಜಿ ಹಾಕಿ ನೋಡಿ ಎಂದು ಸಲಹೆ ಕೊಟ್ಟವರು ಬಹಳ ಜನ. ನಮ್ಮೂರಿನ ಕ್ವೇಕರರು ಹಾಕಲಿಲ್ಲ. ಲಾಟರಿ ಟಿಕೆಟ್ ಕೊಳ್ಳುವವರಲ್ಲಿ ಬಡವರೇ ಹೆಚ್ಚು, ಅವರ ಹಣದಿಂದ ನಮ್ಮ ಹೆಂಚು ಹಾಕಿಸುವುದು ಬೇಡ ಎಂದು ತೀರ್ಮಾನಿಸಿ, ಕೈಯಿಂದ ಕೈಗೆ ಸೇರಿಸಿದ ದುಡ್ಡಿನಲ್ಲಿ ಮಾಡಿನ ಅರ್ಧ ಭಾಗ ಸರಿಮಾಡಿಸಿದರು, ಇನ್ನರ್ಧ ಬಾಕಿಯಿದೆ. ತಮ್ಮ ತಲೆಯ ಮೇಲೆ ನೀರು ಸುರಿದರೂ ಬಿಡದ ನಿಯಮವನ್ನು ನಮಗಾಗಿ ಸಡಿಲಿಸಲಿಲ್ಲವೆಂದು ಮುನಿಸಿಕೊಳ್ಳುವುದು ಸರಿಯೇ? ತಂಬೋಲವನ್ನು ದುಡ್ಡಿಲ್ಲದೆ, ಬಹುಮಾನವನ್ನು ಯಾರಾದರೂ ಉದಾರಿಗಳಿಂದ ಪಡೆದು ಆಡಲು ಅವರ ಅಭ್ಯಂತರವೇನೂ ಇಲ್ಲ. ಮಕ್ಕಳಿಗಾಗಿ ನಾವು ಹಾಗೆ ಆಡಿಸಿದ್ದೂ ಇದೆ.

ದೀಪದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಣೇಶ ಹಬ್ಬಕ್ಕೆ ದೀಪ ಹಚ್ಚಿ ಆರತಿ ಎತ್ತಲು ಅನುಮತಿ ಕೋರಿ ನಮ್ಮ ಕಾರ್ಯದರ್ಶಿಗಳು ಬರೆದ ಪತ್ರಕ್ಕೆ ಉತ್ತರ ಬರಲು ಎರಡು ತಿಂಗಳಾಯಿತು. ನಮ್ಮವರು ಇದನ್ನು ಉದಾಸೀನವೆಂದೇ ತಿಳಿದರು. ಆ ಎರಡು ತಿಂಗಳಲ್ಲಿ ಏನಾಯಿತೆಂದು ನಾನು ಅಲ್ಲೇ ಕೂತು ನೋಡಿದ್ದೇನೆ. ಅವರ ಆಡಳಿತ ಸಭೆಯೂ ಮೌನದಿಂದಲೇ ಶುರುವಾಗುತ್ತದೆ, ಅದರಲ್ಲಿ ಮತದಾನವಿಲ್ಲ. ಕ್ಲರ್ಕ್ ಎಂದು ಕರೆಯಲ್ಪಡುವವರು ವಿಷಯ ಮುಂದಿಡುತ್ತಾರೆ, ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ನಡುವೆ ಕೊಂಚ ಬಿಡುವು ಇರುತ್ತದೆ, ಎಲ್ಲರ ಮಾತು ಒಂದು ಕಡೆಗೆ ವಾಲಿತೆಂದು ಕಂಡಾಗ ಕ್ಲರ್ಕ್ ಅಲ್ಲೇ, ಎಲ್ಲರೂ ಕಾಯುತ್ತಿರುವಾಗಲೇ, ನಿರ್ಣಯವನ್ನು ಬರೆದು ಓದುತ್ತಾರೆ. ಸಭೆ ಒಪ್ಪಿದರೆ ಮಾತ್ರ ಅದು ನಿರ್ಣಯ. ಒಪ್ಪದಿದ್ದರೆ ಮುಂದಿನ ತಿಂಗಳಿಗೆ ಹೋಗುತ್ತದೆ.

ನಮ್ಮ ಪತ್ರ ಮೊದಲ ತಿಂಗಳು ಹಾಗೆಯೇ ಮುಂದಕ್ಕೆ ಹೋಯಿತು. ಹಿರಿಯರೊಬ್ಬರು, ಹೊರಗಿನ ಆಚರಣೆಗಳೇ ಬೇಡವೆಂದು ನಮ್ಮ ಹಿಂದಿನವರು ಜೈಲು ಸೇರಿದ ಪರಂಪರೆ ನಮ್ಮದು, ಈ ಕೋಣೆಯಲ್ಲಿ ವಿಗ್ರಹಕ್ಕೆ ಆರತಿ ಎತ್ತುವುದು ನನಗೆ ಕಷ್ಟವಾಗುತ್ತದೆ ಎಂದು ಯಾವ ಸಿಟ್ಟೂ ಇಲ್ಲದೆ ಹೇಳಿದರು. ಇನ್ನೊಬ್ಬರು ವಿಮೆಯ ಪ್ರಶ್ನೆ ಎತ್ತಿದರು. ಮತ್ತೊಬ್ಬ ಅಜ್ಜಿ, ಅವರು ಪ್ರಾರ್ಥನೆ ಮಾಡುವುದಕ್ಕೆ ಮನೆ ಕೇಳುತ್ತಿದ್ದಾರೆ, ಇದು ಪ್ರಾರ್ಥನೆಗೆಂದೇ ಕಟ್ಟಿದ ಮನೆ, ಎಂದಷ್ಟೇ ಹೇಳಿ ಕೂತರು. ಎರಡನೇ ತಿಂಗಳಲ್ಲಿ ಆ ಹಿರಿಯರು, ನನಗೆ ಈಗಲೂ ಪೂರ್ತಿ ಸಮಾಧಾನವಿಲ್ಲ, ಆದರೆ ಸಭೆಯ ಮನಸ್ಸಿಗೆ ನಾನು ಅಡ್ಡ ನಿಲ್ಲುವುದಿಲ್ಲ ಎಂದರು. ಕರ್ಪೂರವನ್ನು ಹೊರಗಿನ ಮೊಗಸಾಲೆಯಲ್ಲಿ ಉರಿಸಬೇಕು, ಒಳಗೆ ದೀಪವಿರುವಷ್ಟು ಹೊತ್ತು ಒಬ್ಬರು ಕಾವಲಿರಬೇಕು ಎಂಬ ಷರತ್ತಿನೊಂದಿಗೆ ನಿರ್ಣಯವಾಯಿತು. ಹಬ್ಬದ ದಿನ ಕಾವಲಿಗೆ ನಿಂತಿದ್ದವರು ಅದೇ ಹಿರಿಯರು; ಬೆಂಕಿ ಆರಿಸುವ ಕಂಬಳಿಯನ್ನು ತೋಳಿನ ಮೇಲೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು, ಪೂಜೆ ಮುಗಿದ ಮೇಲೆ ಕಡುಬನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಮೂರು ಮತಗಳ ಅಂತರದಲ್ಲಿ ಚುನಾವಣೆ ಗೆದ್ದು, ಸೋತವರು ಮುಂದಿನ ಎರಡು ವರ್ಷ ಹಬ್ಬಕ್ಕೇ ಬಾರದಂತಾದ ಅನುಭವವಿರುವ ನಮ್ಮ ಸಂಘ ಈ ನಿಧಾನವನ್ನು ಹಾಸ್ಯ ಮಾಡುವುದಕ್ಕೆ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಅವರಿಗೂ ಅವರದೇ ಚಿಂತೆಗಳಿವೆ. ಬ್ರಿಟನ್ನಿನ ಕ್ವೇಕರರೆಲ್ಲ ಸೇರಿ, ಸದಸ್ಯರಲ್ಲದೆ ಬಂದುಹೋಗುವವರನ್ನು ಎಣಿಸಿದರೂ, ಸುಮಾರು 20,000ದ ಆಸುಪಾಸಿನಲ್ಲಿದ್ದಾರೆ. ಸಂಖ್ಯೆ ದಶಕಗಳಿಂದ ಇಳಿಯುತ್ತಿದೆ. ನಮ್ಮೂರಿನಲ್ಲಿ ಒಂದು ಭಾನುವಾರ ಇಪ್ಪತ್ತು ಮಂದಿ ಸೇರಿದರೆ ಹೆಚ್ಚು, ಅವರಲ್ಲಿ ಮುಕ್ಕಾಲು ಪಾಲು ನಿವೃತ್ತರು. ಸಂಬಳದ ಪಾದ್ರಿಯಿಲ್ಲದ ಸಮುದಾಯವೆಂದರೆ ಕೆಲಸವೆಲ್ಲ ಸದಸ್ಯರ ಹೆಗಲಿಗೇ ಬೀಳುತ್ತದೆ: ಕ್ಲರ್ಕ್, ಖಜಾಂಚಿ, ಪ್ರಾರ್ಥನೆಯ ಹೊಣೆ ಹೊತ್ತ ಎಲ್ಡರುಗಳು, ಕಾಯಿಲೆಯವರನ್ನು ನೋಡಿಬರುವವರು, ಮಕ್ಕಳ ಸುರಕ್ಷತೆಯ ಕಾಗದಪತ್ರ ನೋಡುವವರು, ಕಟ್ಟಡದ ಟ್ರಸ್ಟಿಗಳು. ಮೂರು ವರ್ಷಕ್ಕೊಮ್ಮೆ ಜವಾಬ್ದಾರಿ ಬದಲಾಗಬೇಕೆಂಬುದು ರೂಢಿ, ಆದರೆ ಬದಲಿಗೆ ಹೆಸರು ಸಿಗದೆ ಒಬ್ಬೊಬ್ಬರೂ ಮೂರು ಮೂರು ಹೊಣೆ ಹೊತ್ತಿದ್ದಾರೆ. ಇದರ ಮೇಲೆ ಕಟ್ಟಡವನ್ನು ಬೆಚ್ಚಗಿಡುವ ಹಳೆಯ ಗ್ಯಾಸ್ ಬಾಯ್ಲರಿನ ಸಮಸ್ಯೆ. 2011ರಲ್ಲಿ ಕ್ಯಾಂಟರ್ಬರಿಯಲ್ಲಿ ನಡೆದ ವಾರ್ಷಿಕ ಸಮಾವೇಶದಲ್ಲಿ ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವ ಸಮುದಾಯವಾಗುತ್ತೇವೆಂದು ಬದ್ಧರಾದವರು ಅವರು. 2013ರಲ್ಲಿ ಕಲ್ಲಿದ್ದಲು, ತೈಲ ಕಂಪನಿಗಳಿಂದ ತಮ್ಮ ಹೂಡಿಕೆ ಹಿಂತೆಗೆಯಲು ನಿರ್ಧರಿಸಿದವರು. ಅಂಥವರು ಹೊಸ ಗ್ಯಾಸ್ ಬಾಯ್ಲರ್ ಹಾಕಿಸುವಂತಿಲ್ಲ, ಅದರ ಬದಲಿಗೆ ವಿದ್ಯುತ್ತಿನ ಹೀಟ್ ಪಂಪಿಗೆ ಹಣವಿಲ್ಲ. ಚಳಿಗಾಲದಲ್ಲಿ ಸಭಾಂಗಣ ಬೆಚ್ಚಗಿಲ್ಲವೆಂದು ನಮ್ಮ ಸಮಿತಿ ಬರೆದ ದೂರಿನ ಹಿಂದೆ ಇರುವ ಕಥೆ ಇದು.

ಯುದ್ಧದ ವಿಷಯದಲ್ಲಿ ಅವರೊಳಗೇ ನೋವು ಇದೆ. ಯಾವ ಕಾರಣಕ್ಕೂ ಹೊರಗಿನ ಆಯುಧ ಹಿಡಿದು ಹೋರಾಡುವುದಿಲ್ಲವೆಂದು 1660ರಲ್ಲಿ ದೊರೆ ಎರಡನೇ ಚಾರ್ಲ್ಸ್‌ಗೆ ಬರೆದುಕೊಟ್ಟ ಮಾತಿಗೆ ಅವರು ಇಂದಿಗೂ ನಿಂತಿದ್ದಾರೆ. ಯುಕ್ರೇನಿನ ತಾಯಿ ಮಗುವನ್ನು ತಮ್ಮ ಮನೆಯ ಮಹಡಿಯಲ್ಲಿ ಇರಿಸಿಕೊಂಡವರೊಬ್ಬರು, ಆ ದೇಶಕ್ಕೆ ಶಸ್ತ್ರ ಕಳಿಸಬಾರದೆಂದು ನಾನು ಯಾವ ಬಾಯಿಂದ ಹೇಳಲಿ ಎಂದು ಮೌನದ ನಡುವೆ ಎದ್ದು ಕೇಳಿದ್ದರು. ಗಾಜಾದ ಬಗ್ಗೆ ಪ್ರತಿ ವಾರ ಪೇಟೆಯ ಚೌಕದಲ್ಲಿ ಮೌನವಾಗಿ ನಿಲ್ಲುವವರೂ ಅಲ್ಲಿದ್ದಾರೆ, ನಿಂತರೆ ಏನಾಯಿತು ಎಂದು ಬೇಸರಪಟ್ಟವರೂ ಇದ್ದಾರೆ. ಬುಧವಾರಗಳಂದು ಆಶ್ರಯ ಕೋರಿ ಬಂದವರಿಗೆ ಇಂಗ್ಲಿಷ್ ಕಲಿಸುವ ತರಗತಿಯಂತೂ ನಿಂತಿಲ್ಲ.

ಭಾರತೀಯರಾದ ನಮಗೆ ಇವರು ಹೊಸಬರೂ ಅಲ್ಲ. 1930ರ ಮಾರ್ಚ್ 2ರಂದು, ಉಪ್ಪಿನ ಸತ್ಯಾಗ್ರಹಕ್ಕೆ ಹೊರಡುವ ಮುನ್ನ, ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರವನ್ನು ದೆಹಲಿಗೆ ಕೊಂಡೊಯ್ದವರು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣ, ಕ್ವೇಕರ್. ಮರುವರ್ಷ ದುಂಡುಮೇಜಿನ ಪರಿಷತ್ತಿಗೆ ಬಂದಿಳಿದ ಗಾಂಧೀಜಿಗೆ ಲಂಡನ್ನಿನಲ್ಲಿ ಸ್ವಾಗತ ನಡೆದದ್ದು ಯೂಸ್ಟನ್ ರಸ್ತೆಯಲ್ಲಿರುವ ಕ್ವೇಕರರ ಕೇಂದ್ರ ಕಚೇರಿ ಫ್ರೆಂಡ್ಸ್ ಹೌಸಿನಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ನಮ್ಮ ಪಕ್ಕದ ಬರ್ಮಿಂಗ್‌ಹ್ಯಾಮಿಗೂ ಬಂದು ವುಡ್‌ಬ್ರೂಕ್ ಎಂಬ ಕ್ವೇಕರ್ ವಿದ್ಯಾಕೇಂದ್ರದಲ್ಲಿ ತಂಗಿದ್ದರು. ಅಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ಅಲೆಕ್ಸಾಂಡರ್ 1942ರಲ್ಲಿ ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್ಟಿನೊಂದಿಗೆ ಬಂಗಾಳಕ್ಕೆ ಹೋದರು, ಚಂಡಮಾರುತ ಮತ್ತು ಕ್ಷಾಮದಲ್ಲಿ ಆ ತಂಡ ಪರಿಹಾರ ಕಾರ್ಯದಲ್ಲಿ ತೊಡಗಿತ್ತು. 1947ರ ಆಗಸ್ಟಿನಲ್ಲಿ ಕಲ್ಕತ್ತೆಯ ಗಲಭೆಯ ನಡುವೆ ಗಾಂಧೀಜಿ ತಂಗಿದ್ದ ಮನೆಯಲ್ಲಿ ಅವರ ಜೊತೆ ಇದ್ದವರಲ್ಲಿ ಈ ಅಲೆಕ್ಸಾಂಡರರೂ ಒಬ್ಬರು. ಭಾರತ ಸರ್ಕಾರ 1984ರಲ್ಲಿ ಅವರಿಗೆ ಪದ್ಮಭೂಷಣ ಕೊಟ್ಟಿತು. ಹಾಗೆಂದು ಇವರನ್ನು ದೇವತೆಗಳಾಗಿಸುವುದೂ ಬೇಡ. ಗುಲಾಮರ ವ್ಯಾಪಾರದಿಂದ ಸಂಪತ್ತು ಗಳಿಸಿದ ಕ್ವೇಕರರಿದ್ದರು, ಕೆರೀಬಿಯನ್ ತೋಟಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರಿದ್ದರು. 1761ರಲ್ಲಿ ಅವರ ವಾರ್ಷಿಕ ಸಮಾವೇಶ ಅಂಥ ವ್ಯಾಪಾರಿಗಳನ್ನು ಸಮುದಾಯದಿಂದ ಹೊರಗಿಡಬೇಕೆಂದಿತು. 2022ರಲ್ಲಿ, ಈ ಹಳೆಯ ಪಾಪಕ್ಕೆ ಪರಿಹಾರ ಸಲ್ಲಿಸುವ ಹೊಣೆ ತಮ್ಮದೆಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಹೇಗೆ ಕೈಗೂಡಬೇಕೆಂಬ ಚರ್ಚೆ ನಮ್ಮೂರ ಸಭೆಯಲ್ಲೂ ನಡೆಯುತ್ತಿದೆ, ಮುಜುಗರದಿಂದಲೇ ನಡೆಯುತ್ತಿದೆ.

ಈಗ ಪೊಲೀಸರ ವಿಷಯ. 2025ರ ಮಾರ್ಚ್ 27ರ ಸಂಜೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿರುವ ವೆಸ್ಟ್‌ಮಿನ್‌ಸ್ಟರ್ ಮೀಟಿಂಗ್ ಹೌಸಿನ ಬಾಗಿಲನ್ನು ಒಡೆದು 20ಕ್ಕೂ ಹೆಚ್ಚು ಪೊಲೀಸರು ಒಳಗೆ ಬಂದರು, ಕೆಲವರ ಬಳಿ ವಿದ್ಯುತ್ ಆಘಾತ ಕೊಡುವ ಟೇಸರ್ ಇತ್ತು. ಒಂದು ಕೋಣೆಯಲ್ಲಿ ಸಭೆ ಸೇರಿದ್ದ ಯೂತ್ ಡಿಮಾಂಡ್ ಎಂಬ ಯುವ ಸಂಘಟನೆಯ ಆರು ಯುವತಿಯರನ್ನು, ಸಾರ್ವಜನಿಕರಿಗೆ ತೊಂದರೆ ಉಂಟುಮಾಡುವ ಒಳಸಂಚಿನ ಶಂಕೆಯ ಮೇಲೆ ಬಂಧಿಸಿದರು. ಆ ಸಂಘಟನೆ ಏಪ್ರಿಲ್ ತಿಂಗಳಲ್ಲಿ ರಸ್ತೆ ತಡೆಗಳಿಂದ ಲಂಡನ್ನನ್ನು ಸ್ಥಗಿತಗೊಳಿಸುವುದಾಗಿ ಹೇಳಿಕೊಂಡಿತ್ತು, ಅದನ್ನು ತಡೆಯುವುದು ತಮ್ಮ ಕರ್ತವ್ಯವೆಂಬುದು ಪೊಲೀಸರ ಸಮರ್ಥನೆ; ರಸ್ತೆ ತಡೆಯಿಂದ ಆಸ್ಪತ್ರೆಗೆ ತಲುಪಲಾಗದವರ ಕಷ್ಟ ಬೆಂಗಳೂರಿನಿಂದ ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಬಾಗಿಲು ತಟ್ಟಿದರೆ ತೆರೆಯುವ ಜನರ ಬಾಗಿಲನ್ನು ಒಡೆಯಬೇಕಿತ್ತೇ ಎಂಬ ಪ್ರಶ್ನೆಗೆ ಆ ಸಮರ್ಥನೆಯಲ್ಲಿ ಉತ್ತರವಿಲ್ಲ. ಮೀಟಿಂಗ್ ಹೌಸೊಂದರ ಒಳಗೆ ಬಂಧನ ನಡೆದದ್ದು ಈಗ ಬದುಕಿರುವ ಯಾರ ನೆನಪಿನಲ್ಲೂ ಇಲ್ಲವೆಂದು ಬ್ರಿಟನ್ನಿನ ಕ್ವೇಕರರ ಮುಖ್ಯಸ್ಥರು ಹೇಳಿದರು.

ನಮ್ಮ ಗುಂಪಿನಲ್ಲಿ ಈ ಸುದ್ದಿಯನ್ನು ಹಂಚಿದವರು ಒಂದು ಅಂಶವನ್ನು ಗಮನಿಸಿದಂತಿಲ್ಲ. ಅಂದು ಬಂಧಿತರಾದವರು ಕ್ವೇಕರರೆಂದು ಬಂಧಿತರಾದವರಲ್ಲ. ಅವರು ಕೋಣೆಯನ್ನು ಬಾಡಿಗೆಗೆ ಹಿಡಿದವರು. ಅದೇ ಕಟ್ಟಡದ ಬೇರೆ ಕೋಣೆಗಳಲ್ಲಿ ಆ ಹೊತ್ತಿನಲ್ಲಿ ಚಿತ್ರಕಲೆಯ ತರಗತಿಯೊಂದು ನಡೆಯುತ್ತಿತ್ತು, ಖಾಸಗಿ ಆಪ್ತಸಮಾಲೋಚನೆಯೊಂದು ನಡೆಯುತ್ತಿತ್ತು, ಪೊಲೀಸರು ಅಲ್ಲಿಗೂ ಹೋದರು. ಆ ಚಿತ್ರಕಲೆಯ ತರಗತಿಯವರ ಸ್ಥಾನದಲ್ಲಿ ಇರುವವರು ನಾವು. ಗಂಟೆಗಿಷ್ಟೆಂದು ಹಣ ಕೊಟ್ಟು ಕೋಣೆ ಹಿಡಿದ ಬಡಗಿಗೂ ಕವಿಗೂ ಅಮ್ಮಂದಿರ ಗುಂಪಿಗೂ ಕನ್ನಡ ಸಂಘಕ್ಕೂ, ನಾವು ಇಲ್ಲಿ ಕೂತು ಮಾತಾಡಬಹುದು, ಯಾರೂ ಬಾಗಿಲು ಒಡೆಯುವುದಿಲ್ಲ ಎಂಬ ಭರವಸೆ ಒಂದೇ ಬಗೆಯದು. ಆ ಭರವಸೆ ಮುರಿದದ್ದಕ್ಕೆ ಆತಿಥೇಯರನ್ನು ಬಿಟ್ಟು ಓಡುವುದು ಯಾವ ನ್ಯಾಯ? ಹೋಟೆಲಿನ ಸಭಾಂಗಣಕ್ಕೆ ಪೊಲೀಸರು ಬಂದರೆ ಹೋಟೆಲಿನವರು ನಮ್ಮ ಪರವಾಗಿ ಬೀದಿಯಲ್ಲಿ ನಿಲ್ಲುತ್ತಾರೆಂದು ಯಾರಾದರೂ ನಂಬಿದ್ದೀರಾ? ವೆಸ್ಟ್‌ಮಿನ್‌ಸ್ಟರಿನ ಘಟನೆಯ ನಂತರ ಕ್ವೇಕರರು ಪೊಲೀಸ್ ಕೇಂದ್ರ ಕಚೇರಿಯ ಮುಂದೆ ಹೋಗಿ ಮೌನವಾಗಿ ಕೂತು ಪ್ರಾರ್ಥಿಸಿದರು, ತಮ್ಮ ಬಾಡಿಗೆದಾರರಿಗಾದ ಅನ್ಯಾಯವನ್ನು ತಮ್ಮದೆಂದೇ ಭಾವಿಸಿದರು.

ಇವರಿಗೆ ಬಾಗಿಲಿನ ಬೆಲೆ ಗೊತ್ತಿರುವುದಕ್ಕೆ ಕಾರಣವಿದೆ. 1664ರ ಕಾನೂನಿನ ಪ್ರಕಾರ, ಅಧಿಕೃತ ಚರ್ಚಿನ ಹೊರಗೆ ಮನೆಯವರಲ್ಲದ ಐದಕ್ಕಿಂತ ಹೆಚ್ಚು ಜನ ಪ್ರಾರ್ಥನೆಗೆ ಸೇರುವುದೇ ಅಪರಾಧವಾಗಿತ್ತು. ಬೇರೆ ಭಿನ್ನಮತೀಯರು ಗುಟ್ಟಾಗಿ ಸೇರಿದಾಗಲೂ ಇವರು ಬಾಗಿಲು ತೆರೆದಿಟ್ಟುಕೊಂಡೇ ಸೇರಿದರು, ಜೈಲಿಗೆ ಹೋದರು. ಬ್ರಿಸ್ಟಲ್‌ನಲ್ಲಿ 1682ರಲ್ಲಿ ದೊಡ್ಡವರೆಲ್ಲ ಸೆರೆಯಲ್ಲಿದ್ದಾಗ ಮಕ್ಕಳೇ ಸಭೆ ನಡೆಸಿದರು. 1670ರ ಆಗಸ್ಟಿನಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಸ್ಟ್ರೀಟಿನ ಮೀಟಿಂಗ್ ಹೌಸಿಗೆ ಸೈನಿಕರು ಬೀಗ ಹಾಕಿ ಕಾವಲು ನಿಂತಾಗ ಕ್ವೇಕರ್ ಮುಂದಾಳು ವಿಲಿಯಂ ಪೆನ್ ಹೊರಗಿನ ಬೀದಿಯಲ್ಲೇ ನಿಂತು ಮಾತಾಡಿದ. ಆತನ ಮೇಲೂ ವಿಲಿಯಂ ಮೀಡ್ ಎಂಬಾತನ ಮೇಲೂ ಮೊಕದ್ದಮೆ ನಡೆಯಿತು. ತಪ್ಪಿತಸ್ಥರೆಂದು ಹೇಳಲೊಪ್ಪದ ಜ್ಯೂರಿಯವರನ್ನು ನ್ಯಾಯಾಧೀಶರು ಅನ್ನ ನೀರಿಲ್ಲದೆ ಕೂಡಿಹಾಕಿದರು, ದಂಡ ಹಾಕಿದರು. ದಂಡ ಕಟ್ಟಲೊಪ್ಪದ ಎಡ್ವರ್ಡ್ ಬುಶೆಲ್ ಎಂಬ ಜ್ಯೂರಿ ಸದಸ್ಯ ಮೇಲಿನ ನ್ಯಾಯಾಲಯಕ್ಕೆ ಹೋದ. ಜ್ಯೂರಿಯ ಮನಸ್ಸಾಕ್ಷಿಯ ತೀರ್ಪಿಗೆ ಶಿಕ್ಷೆ ವಿಧಿಸುವಂತಿಲ್ಲವೆಂಬ ತತ್ವ ಆ ಪ್ರಕರಣದಲ್ಲಿ ನೆಲೆಗೊಂಡಿತು. ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಅದರ ಸ್ಮರಣಫಲಕವನ್ನು ಇವತ್ತಿಗೂ ನೋಡಬಹುದು. ಅದೇ 1670ರಲ್ಲಿ, ಸಭೆ ಸೇರುವುದೇ ಕಾನೂನುಬಾಹಿರವಾಗಿದ್ದ ಕಾಲದಲ್ಲಿ, ಹರ್ಟ್‌ಫರ್ಡ್‌ನ ಕ್ವೇಕರರು ಒಂದು ಮೀಟಿಂಗ್ ಹೌಸ್ ಕಟ್ಟಿಕೊಂಡರು, ಅದರಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ.

ವೀಸಾದ ಅಂಜಿಕೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಕಾಯಂ ವಾಸದ ಅನುಮತಿಗೆ ವರ್ಷಗಟ್ಟಲೆ ಕಾಯುತ್ತಾ, ಒಂದು ಕಾಗದ ತಪ್ಪಿದರೆ ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲ ಅಲುಗಾಡುವ ಸ್ಥಿತಿಯಲ್ಲಿ ನಮ್ಮ ಕಿರಿಯ ಸದಸ್ಯರು ಅನೇಕರಿದ್ದಾರೆ. ಆದರೆ ಯುಗಾದಿಗೆ ಬೇವುಬೆಲ್ಲ ಹಂಚಲು ಕೋಣೆ ಹಿಡಿಯುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಕಳವಳಪಡಬೇಕಾದದ್ದು ಕಾನೂನು ಸಾಗುತ್ತಿರುವ ದಿಕ್ಕಿನ ಬಗ್ಗೆ. 2022ರ ಪೊಲೀಸ್ ಕಾಯ್ದೆ ಸಾರ್ವಜನಿಕ ತೊಂದರೆಯೆಂಬ ಅಪರಾಧಕ್ಕೆ 10 ವರ್ಷದವರೆಗೆ ಸೆರೆವಾಸ ನಿಗದಿ ಮಾಡಿತು, 2023ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ಪ್ರತಿಭಟನೆಯ ಮೇಲಿನ ಅಂಕುಶವನ್ನು ಇನ್ನಷ್ಟು ಬಿಗಿಗೊಳಿಸಿತು. ಕ್ವೇಕರರು ಎರಡನ್ನೂ ವಿರೋಧಿಸಿದರು. ಕಾವೇರಿ, ಮಹಾದಾಯಿ, ಗೋಕಾಕ್ ಎಂದು ಬೀದಿಗಿಳಿದ ನೆನಪಿರುವ ಪೀಳಿಗೆ ನಮ್ಮಲ್ಲಿನ್ನೂ ಇದೆ; ಬೀದಿಯಲ್ಲಿ ನಿಲ್ಲುವುದೆಂದರೇನೆಂದು ಅವರು ಕಿರಿಯರಿಗೆ ಹೇಳಬಲ್ಲರು. ಇನ್ನೊಂದು ಸಂಗತಿ ನಮ್ಮವರಲ್ಲೇ ಬಹಳ ಜನರಿಗೆ ಗೊತ್ತಿಲ್ಲ: ಈ ದೇಶದಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳು, ಅಂದರೆ ವೀಸಾದ ಮೇಲಿರುವ ಭಾರತೀಯರೂ, ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಆದ್ದರಿಂದ ನಿಮ್ಮ ಕ್ಷೇತ್ರದ ಎಂ.ಪಿ.ಗೆ ಪತ್ರ ಬರೆಯುವಾಗ ನೀವು ಅತಿಥಿಗಳಾಗಿ ಬರೆಯುವುದಿಲ್ಲ, ಮತದಾರರಾಗಿ ಬರೆಯುತ್ತೀರಿ.

ಸಭೆಯಲ್ಲಿ ನಾನು ಮಂಡಿಸಲಿರುವುದು ಇಷ್ಟು. ಸ್ಥಳಾಂತರದ ಪ್ರಸ್ತಾವವನ್ನು ಕೈಬಿಡಬೇಕು. ಸಮುದಾಯದ ಗುಂಪೆಂದು ನಮಗೆ ಸಿಗುತ್ತಿರುವ ರಿಯಾಯಿತಿ ದರವನ್ನು ನಾವಾಗಿಯೇ ಬಿಟ್ಟುಕೊಟ್ಟು ಪೂರ್ಣ ಬಾಡಿಗೆ ಕೊಡಬೇಕು. ಹೋಟೆಲಿನವರು ಕೇಳಿರುವ ಮೊತ್ತಕ್ಕೆ ಹೋಲಿಸಿದರೆ ಆಗಲೂ ಉಳಿತಾಯವೇ. ಮಾಡಿನ ಉಳಿದರ್ಧಕ್ಕೆ ಈ ಸಲದ ರಾಜ್ಯೋತ್ಸವದ ದೇಣಿಗೆಯಲ್ಲಿ ಒಂದು ಪಾಲು ಎತ್ತಿಡಬೇಕು, ಅದು ರ‍್ಯಾಫಲ್‌ನಿಂದ ಬಂದ ಹಣವಾಗಿರಕೂಡದು. ವರ್ಷಕ್ಕೆರಡು ಸಲ ಅವರು ಅಂಗಳ ಶುಚಿಗೊಳಿಸುವ ಶನಿವಾರಗಳಂದು ನಮ್ಮ ಕಡೆಯಿಂದ ಕೈಬಲವಿರುವ ಕೆಲವರು ಹೋಗಬೇಕು, ಏಕೆಂದರೆ ಎಪ್ಪತ್ತೈದು ದಾಟಿದವರು ಏಣಿ ಹತ್ತಿ ಮಾಡಿನಂಚಿನ ನೀರುಕಾಲುವೆಯ ಎಲೆ ತೆಗೆಯುವುದನ್ನು ನೋಡುತ್ತಾ ನಾವು ಒಳಗೆ ಕೋಲಾಟ ಅಭ್ಯಾಸ ಮಾಡಿದ್ದೇವೆ. ಶಾಂತಿಯುತವಾಗಿ ಸಭೆ ಸೇರುವ ಹಕ್ಕಿನ ಬಗ್ಗೆಯೂ ಪ್ರಾರ್ಥನಾ ಸ್ಥಳಗಳಿಗೆ ಪೊಲೀಸರು ಪ್ರವೇಶಿಸುವ ರೀತಿಯ ಬಗ್ಗೆಯೂ ಯಾವ ಪಕ್ಷದ ಪರವನ್ನೂ ವಹಿಸದೆ ಎಂ.ಪಿ.ಗೆ ಒಂದು ಪತ್ರ ಹೋಗಬೇಕು; ಸಂಘದ ಹೆಸರಿನಲ್ಲಿ ಬೇಡವೆಂದು ಬಹುಮತವಿದ್ದರೆ, ಇಷ್ಟವಿರುವ ಸದಸ್ಯರು ತಮ್ಮ ಹೆಸರಿನಲ್ಲಿ ಬರೆಯಲು ಅದರ ಕರಡನ್ನು ನಾನು ಸಿದ್ಧಪಡಿಸಿದ್ದೇನೆ.

ನಮ್ಮ ನಿಯಮಾವಳಿಯ ಪ್ರಕಾರ ಠರಾವಿಗೆ ಒಬ್ಬ ಅನುಮೋದಕರು ಬೇಕು. ಒಪ್ಪುವವರು ಸಭೆಗೆ ಒಂದು ವಾರ ಮೊದಲು ಕಾರ್ಯದರ್ಶಿಗಳಿಗೆ ಹೆಸರು ಕೊಡಬೇಕೆಂದೂ, ಒಪ್ಪದವರು ತಮ್ಮ ಆಕ್ಷೇಪಣೆಯನ್ನು ಇದೇ ರೀತಿ ಬರವಣಿಗೆಯಲ್ಲಿ ತಿಳಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸಂಘದ ಒಬ್ಬ ಸದಸ್ಯ